ಗುರುತು ಹೇಳಬೇಕಾದವಳು

ನನ್ನ ತಮ್ಮನ ಹೆಂಡತಿ ಕಸ್ತೂರಿ ಯಾರ ದಾಖಲೆಯನ್ನೂ ಕದ್ದಿರಲಿಲ್ಲ. ಸುಳ್ಳು ಹೇಳಿದವಳು ನಾನು. ಹನ್ನೊಂದು ವರ್ಷಗಳ ಹಿಂದೆ, ನಾನು ಪಾಠ ಮಾಡುತ್ತಿದ್ದ ಶಾಲೆಯ ವರಾಂಡದಲ್ಲಿ, ಮಕ್ಕಳ ಊಟದ ಗಂಟೆ ಹೊಡೆಯುವ ಸ್ವಲ್ಪ ಮುಂಚೆ, ಪೂರ್ತಿ ಎಚ್ಚರದಲ್ಲಿ ನಿಂತು ಹೇಳಿದೆ. ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ಬಾಯಿ ತಪ್ಪಿ ಬಂದದ್ದೂ ಅಲ್ಲ. ಆ ಮಾತಿನಿಂದ ಅವಳಿಗೆ ಸಿಗಬೇಕಾಗಿದ್ದ ವಿದ್ಯಾರ್ಥಿವೇತನ ತಪ್ಪಿತು, ಓದು ತಪ್ಪಿತು, ಅದರ ಮೇಲೆ ಕಳ್ಳಿ ಎಂಬ ಹೆಸರೂ ಬಂತು.

ಇಲ್ಲಿಯ ಕನ್ನಡ ಸಂಘದವರು ನನ್ನಿಂದ ಕೇಳಿದ್ದು ಬೇರೆ. ನಿವೃತ್ತಿಯಾಗಿದೆ, ಗೋವಾದಲ್ಲಿ ಇಷ್ಟು ವರ್ಷ ಕನ್ನಡ ಕಲಿಸಿದ್ದೀರಿ, ಸಂಚಿಕೆಗೆ ನಾಲ್ಕು ಒಳ್ಳೆಯ ನೆನಪು ಬರೆದುಕೊಡಿ ಎಂದರು. ಒಳ್ಳೆಯ ನೆನಪು — ಇವೆ, ಇಲ್ಲವೆಂದಲ್ಲ. ಆದರೆ ಇದನ್ನು ಬರೆಯದೆ ಅವನ್ನು ಬರೆಯುವ ಮುಖ ನನಗಿಲ್ಲ. ಬೇಡವೆನಿಸಿದರೆ ಅವರು ಅಚ್ಚು ಹಾಕದಿರಲಿ. ನಮ್ಮ ಓಣಿಯ ಮಹಿಳಾ ಸಂಘದಲ್ಲಂತೂ ಇದನ್ನು ನಿಂತು ಓದುತ್ತೇನೆ. ಓದಬೇಕು ಎಂದು ಕೇಳಿದವಳು ಕಸ್ತೂರಿ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ಹೆಸರಿನ ವಿಷಯ. ಕಸ್ತೂರಿಯ ತವರು ವಿಜಯಪುರ ಕಡೆಯ ಒಂದು ಹಳ್ಳಿ. ಅಲ್ಲಿ ಅವಳು ನೀಲವ್ವ. ತೊಟ್ಟಿಲಲ್ಲೂ ನೀಲವ್ವ, ಶಾಲೆಯಲ್ಲೂ ನೀಲವ್ವ. ಒಂಬತ್ತನೇ ತರಗತಿಯನ್ನು ಒಳ್ಳೆಯ ಅಂಕ ಪಡೆದು ಪಾಸು ಮಾಡಿದ್ದ ಹುಡುಗಿ. ಹತ್ತನೆಯ ತರಗತಿಗೆ ಕೂರುವ ಮೊದಲೇ ನನ್ನ ತಮ್ಮ ಯಮನಪ್ಪನಿಗೆ ತಂದುಕೊಂಡೆವು. ನಮ್ಮ ತಾಯಿಯ ಹೆಸರೂ ನೀಲವ್ವ. ಅತ್ತೆಯ ಹೆಸರೇ ಇರುವ ಸೊಸೆ ಬಂದರೆ ನಮ್ಮಲ್ಲಿ ಆ ಹೆಸರು ನಡೆಯುವುದಿಲ್ಲ. ಮಗ ತನ್ನ ಹೆಂಡತಿಯನ್ನು ತಾಯಿಯ ಹೆಸರು ಹಿಡಿದು ಕೂಗುವುದಾದರೂ ಹೇಗೆ? ಅದಕ್ಕೇ ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಉಂಗುರ ಹಿಡಿದು ಹೊಸ ಹೆಸರು ಬರೆಯುತ್ತಾನೆ. ಯಮನಪ್ಪನಿಗೆ ಅಕ್ಷರ ನೆಟ್ಟಗೆ ಬರುತ್ತಿರಲಿಲ್ಲ. ನಾನೇ ಅವನ ಕೈ ಹಿಡಿದು ಬರೆಸಿದೆ. ಕಸ್ತೂರಿ ಎಂಬ ಹೆಸರನ್ನು ಆರಿಸಿದವಳೂ ನಾನೇ. ಈ ಭೂಮಿಯ ಮೇಲೆ ನೀಲವ್ವ ಮತ್ತು ಕಸ್ತೂರಿ ಒಬ್ಬಳೇ ಎಂದು ಎದೆ ಮುಟ್ಟಿ ಹೇಳಬಲ್ಲವಳು ಯಾರಾದರೂ ಇದ್ದರೆ — ನಾನು.

ನಾನು ಯಾರೆಂದೂ ಹೇಳಬೇಕು. ಗಂಡನ ಮನೆಯಿಂದ ಎರಡೇ ವರ್ಷಕ್ಕೆ ತಿರುಗಿ ಬಂದವಳು. ಶಿಕ್ಷಕಿಯ ತರಬೇತಿ ಆಗಿತ್ತು, ಅದೊಂದು ಪುಣ್ಯ. ಯಮನಪ್ಪ ವಾಸ್ಕೋ ಬಂದರಿನ ಕೂಲಿಗೆಂದು ಗೋವಾಕ್ಕೆ ಬಂದಾಗ ಅವ್ವ ಮತ್ತು ನಾನು ಅವನ ಹಿಂದೆ ಬಂದೆವು. ಝುವಾರಿನಗರದಲ್ಲಿ ಎರಡು ಖೋಲಿಯ ಮನೆ. ನನಗೆ ಹತ್ತಿರದ ಕನ್ನಡ ಶಾಲೆಯಲ್ಲಿ ಕೆಲಸ. ಓಣಿಯವರಿಗೆಲ್ಲ ನಾನು ಅಕ್ಕೋರು — ನಮ್ಮ ಕಡೆ ಶಿಕ್ಷಕಿಯನ್ನು ಕರೆಯುವುದು ಹಾಗೆ. ಅರ್ಜಿ ಬರೆಸಲು, ಆಸ್ಪತ್ರೆಯ ಚೀಟಿ ಓದಿಸಲು ನನ್ನ ಬಾಗಿಲಿಗೇ ಬರುತ್ತಿದ್ದರು. ಗಂಡನಿಲ್ಲ, ಮಕ್ಕಳಿಲ್ಲ, ಆ ಮರ್ಯಾದೆಯೇ ನನ್ನ ಸಂಸಾರವಾಗಿತ್ತು. ತರಗತಿಯಲ್ಲಿ ಮಕ್ಕಳಿಗೆ ದಿನಾ ಬೆಳಿಗ್ಗೆ ಸತ್ಯವನ್ನೇ ನುಡಿ ಎಂದು ಹೇಳಿಸುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಕಸ್ತೂರಿ ಔಷಧಿ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯವನ ಕೈಕೆಳಗೆ ಮಧ್ಯಾಹ್ನದ ಪಾಳಿ ಮಾಡುತ್ತಿದ್ದಳು. ಕೆಲಸವೆಂದರೆ ಮಾತ್ರೆ ತುಂಬಿದ ಪೆಟ್ಟಿಗೆಗಳನ್ನು ಹೊತ್ತು ಲಾರಿಯ ತನಕ ಒಯ್ಯುವುದು. ಹತ್ತನೇ ಪಾಸಾಗಿ ಒಂದು ವರ್ಷದ ತರಬೇತಿ ಮಾಡಿದವರು ಗಾಜಿನ ಬಾಗಿಲಿನ ಒಳಗೆ, ಬಿಳಿ ಕೋಟು ತೊಟ್ಟು, ಮೇಜಿನ ಮುಂದೆ ನಿಂತು ಮಾತ್ರೆ ತಪಾಸಣೆ ಮಾಡುತ್ತಿದ್ದರು. ಕೆಲಸ ಕಾಯಂ, ರಜೆ, ಔಷಧೋಪಚಾರ ಎಲ್ಲ ಅವರಿಗೆ. ಹೊರಗಿನವರಿಗೆ ಬೆನ್ನು ಇರುವ ತನಕ ಕೆಲಸ. ಕಸ್ತೂರಿಗೆ ಆ ಗಾಜಿನ ಬಾಗಿಲು ದಾಟಬೇಕಿತ್ತು. ಅವಳು ಬಯಸಿದ್ದು ಇಷ್ಟೇ.

ಆಗ ಪಣಜಿಯ ಒಂದು ಸಂಸ್ಥೆ ಓದು ಬಿಟ್ಟ ಹೆಂಗಸರನ್ನು ಮತ್ತೆ ಓದಿಸುವ ಯೋಜನೆ ತಂದಿತು. ಪರೀಕ್ಷೆಯ ಶುಲ್ಕ, ಪುಸ್ತಕ, ಬಸ್ಸಿನ ಖರ್ಚು ಎಲ್ಲವನ್ನೂ ಕೊಟ್ಟು, ಬೆಳಿಗ್ಗೆ ಮೂರು ತಾಸು ತರಗತಿ ನಡೆಸಿ ಹತ್ತನೆಯ ಪರೀಕ್ಷೆಗೆ ಕೂರಿಸುವುದು, ಪಾಸಾದವರಿಗೆ ತರಬೇತಿಯ ಖರ್ಚನ್ನೂ ಕೊಡುವುದು. ನಮ್ಮ ಓಣಿಯಿಂದ ಇಬ್ಬರು ಅರ್ಜಿ ಹಾಕಿದರು — ಕಸ್ತೂರಿ, ಅವಳ ಜೊತೆ ಪೆಟ್ಟಿಗೆ ಹೊರುತ್ತಿದ್ದ ರೇಣುಕಾ. ತವರಿಗೆ ಹೋಗಿ ಕಸ್ತೂರಿ ಶಾಲೆಯ ದಾಖಲೆ ತಂದಳು. ಅದರಲ್ಲಿ ನೀಲವ್ವ, ತಂದೆಯ ಹೆಸರು, ತವರಿನ ಅಡ್ಡಹೆಸರು. ಇಲ್ಲಿ ಮಾಡಿಸಿದ ಗುರುತಿನ ಚೀಟಿಯಲ್ಲಿ ಕಸ್ತೂರಿ, ಗಂಡನ ಹೆಸರು, ನಮ್ಮ ಅಡ್ಡಹೆಸರು. ಒಂದಕ್ಕೊಂದು ಸಂಬಂಧವೇ ಇಲ್ಲ. ಅರ್ಜಿಯಲ್ಲಿ ಗುರುತು ಹೇಳುವವರು ಯಾರು ಎಂದು ಕೇಳಿದ್ದ ಕಡೆ ಅವಳು ನನ್ನ ಹೆಸರು ಬರೆದಳು. ಬರೆದು ನನಗೆ ತೋರಿಸಿದಳು ಕೂಡ.

"ನೀವ ಇದ್ದೀರಲ್ರೀ ಅಕ್ಕಾರ, ನನಗೇನ ಚಿಂತಿ," ಎಂದಳು.

ಹದಿನೈದು ದಿನಕ್ಕೆ ಸುನಂದಾಬಾಯಿ ಶಾಲೆಗೆ ಬಂದರು. ವಾಸ್ಕೋದಲ್ಲಿ ಅಂಗಡಿ ಇಟ್ಟಿದ್ದ ಧಾರವಾಡದ ಮನೆತನದ ಸೊಸೆ. ಸಂಸ್ಥೆಯ ಪರವಾಗಿ ಕನ್ನಡದವರ ವಿಚಾರಣೆ ಮಾಡುತ್ತಿದ್ದವರು. ಒಳ್ಳೆಯ ಹೆಂಗಸು. ವರಾಂಡದಲ್ಲಿ ನಿಂತೇ ಮಾತಾಡಿದರು.

"ಅಕ್ಕೋರ, ನಿಮ್ಮನಿ ವಿಷಯಾನ ಅದರೀ. ಕಸ್ತೂರಿ ಹಚ್ಚಿದ ದಾಖಲೆದಾಗ ನೀಲವ್ವ ಅಂತದ. ಲಗ್ನದಾಗ ಹೆಸರ ಬದಲಿ ಮಾಡ್ಯಾರ ಅಂತಾಳ. ನಮ್ಮ ಕಡೆ ಇದು ಇದ್ದದ್ದರೀ, ನನಗ ಗೊತ್ತದ. ಆದ್ರ ಪಣಜಿ ಆಫೀಸಿನವರಿಗೆ ತಿಳೀಬೇಕಲ್ಲ. ನಿಮ್ಮಂಥಾವ್ರು ಒಂದ ಮಾತ ಹೇಳಿ ಸಹಿ ಹಾಕಿದ್ರ ಮುಗೀತು. ಈಕೀನ ಆಕಿ, ಹೌದಲ್ರೀ?"

ಹೌದು ಎನ್ನಲು ಎಷ್ಟು ಹೊತ್ತು ಬೇಕು? ನಾನು ಹೇಳಿದ್ದು —

"ಅಲ್ಲ್ರೀ. ನಮ್ಮನ್ಯಾಗ ನೀಲವ್ವ ಅಂದ್ರ ನಮ್ಮವ್ವ. ಆಕಿ ಸಾಲಿ ಮಾರಿ ನೋಡಿಲ್ಲ. ಈಕಿ ಹುಟ್ಟಿದಾಗಿಂದ ಕಸ್ತೂರೀನ. ಆ ದಾಖಲೆ ಯಾರದೋ ನನಗ ಗೊತ್ತಿಲ್ರಿ."

ಸುನಂದಾಬಾಯಿ ನನಗೆ ಕೊಡಲೆಂದು ಪೆನ್ನಿನ ಮುಚ್ಚಳ ತೆಗೆದಿದ್ದರು. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ ಮುಚ್ಚಳ ಹಾಕಿಕೊಂಡು, ಬರ್ತೇನ್ರಿ ಎಂದು ಹೋದರು. ನಾನು ತರಗತಿಗೆ ಹೋಗಿ ಶುದ್ಧಲೇಖನ ಬರೆಸಿದೆ. ಕೈ ನಡುಗಲಿಲ್ಲ. ನಡುಗಿತ್ತು ಎಂದು ಬರೆದರೆ ಓದುವವರಿಗೆ ನನ್ನ ಮೇಲೆ ಕನಿಕರ ಬಂದೀತು, ಆದರೆ ನಡುಗಲಿಲ್ಲ.

ಯಾಕೆ ಹೇಳಿದೆ? ನನಗೆ ನಾನು ಹೇಳಿಕೊಂಡ ಕಾರಣ ಅವ್ವ. ಅವ್ವನಿಗೆ ಆ ವರ್ಷ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಗಿತ್ತು. ಬೆಳಿಗ್ಗೆ ನಾನು ಶಾಲೆಗೆ, ಯಮನಪ್ಪ ಬಂದರಿಗೆ. ಮಧ್ಯಾಹ್ನದ ತನಕ ಅವ್ವನನ್ನು ಎತ್ತಿ ಕೂರಿಸುವುದು, ತೊಳೆಯುವುದು, ತಿನ್ನಿಸುವುದು ಎಲ್ಲ ಕಸ್ತೂರಿ. ಅವಳು ತರಗತಿಗೆ ಹೋದರೆ ಅವ್ವನ ಗತಿ ಏನು? ಹಾಸಿಗೆ ಹಿಡಿದ ಮುದುಕಿಯ ಮುಖ ನೋಡಿ ನನ್ನ ನಾಲಿಗೆ ತಿರುಗಿತು — ವರ್ಷಗಟ್ಟಲೆ ಇದನ್ನೇ ನಂಬಿಕೊಂಡು ನಿದ್ದೆ ಮಾಡಿದೆ.

ಆಯ್ಕೆಯಾದವರ ಯಾದಿ ಬಂದಾಗ ರೇಣುಕಾಳ ಹೆಸರಿತ್ತು, ಕಸ್ತೂರಿಯದು ಇರಲಿಲ್ಲ. ವಿಚಾರಿಸಲು ಹೋದವಳಿಗೆ, ದಾಖಲೆ ನಿಮ್ಮದೆಂದು ಖಾತ್ರಿಯಾಗಿಲ್ಲ, ಕಾಗದ ಬರುತ್ತದೆ ಎಂದಷ್ಟೇ ಹೇಳಿ ಕಳಿಸಿದರು. ಪಾಳಿಗೆ ಹೊರಡುವ ಮುಂಚೆ ನನ್ನನ್ನು ಕೇಳಿದಳು.

"ಅಕ್ಕಾರ, ನಿಮ್ಮನ್ನ ಯಾರರ ಬಂದು ಕೇಳಿದ್ರೇನ್ರೀ?"

"ಯಾರೂ ಬಂದಿಲ್ಲವಾ," ಎಂದೆ.

ಇಲ್ಲಿಗೆ ಮುಗಿದಿದ್ದರೆ ಇದು ಒಂದು ದಿನದ ಪಾಪ. ಮುಗಿಯಲಿಲ್ಲ. ನಮ್ಮ ಓಣಿಯ ಮನೆಗಳಿಗೆ ಸರಿಯಾದ ನಂಬರಿರಲಿಲ್ಲ, ಪೋಸ್ಟಿನವನು ಒಳಗೆ ಬರುತ್ತಿರಲಿಲ್ಲ. ಹಾಗಾಗಿ ಓಣಿಯವರೆಲ್ಲ ಶಾಲೆಯ ವಿಳಾಸ ಕೊಡುತ್ತಿದ್ದರು. ಬಂದ ಕಾಗದಗಳನ್ನು ನಾನೇ ಹಂಚುತ್ತಿದ್ದೆ. ಕಸ್ತೂರಿಯ ಕಾಗದವೂ ನನ್ನ ಕೈಗೇ ಬಂತು. ಒಡೆದು ಓದಿದೆ. ಅವಳ ಶಾಲೆಯ ದಾಖಲೆಯನ್ನು ಅದರ ಜೊತೆ ವಾಪಸು ಕಳಿಸಿದ್ದರು. ತಿಳಿವಳಿಕೆಯಲ್ಲಿ ಏನಾದರೂ ತಪ್ಪಾಗಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ವಕೀಲರ ಮುಂದೆ ಪ್ರಮಾಣಪತ್ರ ಮಾಡಿಸಿ, ಮನೆಯವರೊಬ್ಬರ ಸಹಿಯೊಂದಿಗೆ ಮೂವತ್ತು ದಿನದೊಳಗೆ ತರಬೇಕು, ಅಲ್ಲಿಯವರೆಗೆ ಜಾಗ ತೆಗೆದಿರಿಸುತ್ತೇವೆ ಎಂದು ಬರೆದಿತ್ತು. ಸುನಂದಾಬಾಯಿಯೇ ಹೇಳಿ ಬರೆಸಿರಬೇಕು — ನನ್ನ ಮಾತನ್ನು ಆಕೆ ಪೂರ್ತಿ ನಂಬಿರಲಿಲ್ಲ. ಆಕೆಯ ಅನುಮಾನದಿಂದ ತಪ್ಪು ತಿದ್ದಿಕೊಳ್ಳಲು ನನಗೊಂದು ದಾರಿ ತೆರೆದಿತ್ತು. ಹಾಜರಿ ಪುಸ್ತಕಗಳ ಕೆಳಗೆ, ನನ್ನ ಟ್ರಂಕಿನ ತಳದಲ್ಲಿ ಕಾಗದ ಇಟ್ಟೆ.

ಮೂವತ್ತು ದಿನ. ಕಸ್ತೂರಿ ದಿನಾ ಕೇಳುತ್ತಿದ್ದಳು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಹೊತ್ತಿಗೆ ಅವಳು ಪಾಳಿಗೆ ಹೊರಟು ನಿಂತಿರುತ್ತಿದ್ದಳು.

"ಕಾಗದ ಬಂತೇನ್ರೀ ಅಕ್ಕಾರ?"

"ಇಲ್ಲವಾ."

ಮೊದಲ ವಾರ ನಗುತ್ತ ಕೇಳಿದಳು. ಆಮೇಲೆ ನಗಲಿಲ್ಲ. ಕೊನೆಕೊನೆಗೆ ಬಾಯಿ ಬಿಟ್ಟು ಕೇಳುತ್ತಲೂ ಇರಲಿಲ್ಲ, ನನ್ನ ಕೈಚೀಲದ ಕಡೆ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸುತ್ತಿದ್ದೆ. ಪ್ರತಿ ದಿನವೂ ಅದನ್ನು ಸರಿ ಮಾಡಲು ಒಂದು ದಿನವಾಗಿತ್ತು. ಒಂದು ಸಲ ಟ್ರಂಕಿನ ಬೀಗ ತೆಗೆದದ್ದೂ ಉಂಟು — ತೆಗೆದು, ಮತ್ತೆ ಹಾಕಿದೆ.

ಓಣಿಯಲ್ಲಿ ಸುದ್ದಿ ಹಬ್ಬಲು ಹೆಚ್ಚು ದಿನ ಬೇಕಾಗಲಿಲ್ಲ. ಕಸ್ತೂರಿ ಬೇರೆ ಯಾರದೋ ದಾಖಲೆ ಕೊಟ್ಟು ಸಿಕ್ಕಿಬಿದ್ದಳಂತೆ. ನಲ್ಲಿಯ ಹತ್ತಿರ ಹೆಂಗಸರು ಮುಖದ ಮೇಲೇ ಆಡಿದರು. ಯಮನಪ್ಪ ಹೆಸರು ಬದಲಿಸಿದವನೇ ಆದರೂ ಬಾಯಿ ಬಿಡಲಿಲ್ಲ. ಓದಿನ ಹುಚ್ಚಿನಿಂದ ಮನೆತನದ ಮಾನ ಹೋಯಿತು ಎಂದು, ಅವಳು ಓದಲು ತಂದಿಟ್ಟುಕೊಂಡಿದ್ದ ಪುಸ್ತಕಗಳನ್ನು ಗುಜರಿಯವನಿಗೆ ಹಾಕಿದ. ನಾನೂ ಅಲ್ಲೇ ಇದ್ದೆ. ಪುಸ್ತಕ ತೂಕಕ್ಕೆ ಹಾಕಬ್ಯಾಡೋ ಎಂದು ಅಕ್ಕೋರು ಹೇಳಬಹುದಿತ್ತು. ಹೇಳಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಇನ್ನೇನು ಹೇಳುವುದು?

ರೇಣುಕಾ ಪಾಸಾದಳು. ತರಬೇತಿ ಮುಗಿಸಿ ಗಾಜಿನ ಬಾಗಿಲಿನ ಒಳಗೆ ಹೋದಳು. ರೇಣುಕಾ ತಪಾಸಣೆ ಮಾಡಿ ಕಳಿಸಿದ ಪೆಟ್ಟಿಗೆಗಳನ್ನು ಕಸ್ತೂರಿ ವರ್ಷಗಟ್ಟಲೆ ಹೊತ್ತಳು. ಮೂರು ವರ್ಷದ ಹಿಂದೆ ಅವಳ ಬೆನ್ನುಮೂಳೆಯ ಡಿಸ್ಕ್ ಸರಿಯಿತು. ಗುತ್ತಿಗೆಯವನು ಬೇರೆ ಹೆಂಗಸನ್ನು ತೆಗೆದುಕೊಂಡ. ಈಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲೇ ಇದ್ದಾಳೆ. ಅರ್ಧ ತಾಸಿಗಿಂತ ಹೆಚ್ಚು ಹೊತ್ತು ಕೂರಲಾಗುವುದಿಲ್ಲ. ವಯಸ್ಸು ಮೂವತ್ತೊಂಬತ್ತು.

ಅವ್ವ ತೀರಿಕೊಂಡು ಆರು ವರ್ಷವಾಯಿತು. ಕೊನೆಯ ದಿನದವರೆಗೂ ತೊಳೆದವಳು ಕಸ್ತೂರಿಯೇ.

ಇದನ್ನೆಲ್ಲ ನನ್ನ ಹೆಣದ ಜೊತೆಗೇ ಒಯ್ಯುವವಳಿದ್ದೆ, ನಿಜ ಹೇಳುತ್ತೇನೆ. ಹೋದ ತಿಂಗಳು ಅವಳ ಜೊತೆ ಬ್ಯಾಂಕಿಗೆ ಹೋದೆ. ಖಾತೆಯ ಕಾಗದಕ್ಕೆ ಸಹಿ ಮಾಡಿ ಎಂದು ಕೌಂಟರಿನ ಹುಡುಗಿ ಪೆನ್ನು ಮುಂದೆ ಮಾಡಿದಳು. ಕಸ್ತೂರಿ ಪೆನ್ನು ಮುಟ್ಟಲಿಲ್ಲ. ಹೆಬ್ಬೆರಳು ಚಾಚಿದಳು. ಓದು ಎಷ್ಟು ಎಂದು ಹಿಂದಿಯಲ್ಲಿ ಕೇಳಿದ್ದಕ್ಕೆ, ಶಾಲೆಗೇ ಹೋಗಿಲ್ಲ ಎಂದಳು. ಹುಡುಗಿ ಮಸಿಯ ಡಬ್ಬಿ ತೆಗೆದಿಟ್ಟಳು. ಹೊರಗೆ ಬಂದ ಮೇಲೆ, ಯಾಕ ಹಂಗ ಮಾಡಿದಿ ಎಂದು ಕೇಳಿದೆ. ಮಸಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹೇಳಿದಳು:

"ಭಾಳ ವರ್ಷ ಆತ್ರಿ ಸಹಿ ಬಿಟ್ಟು. ಬರದ್ರ ದಾಖಲೆ ಕೇಳ್ತಾರ. ದಾಖಲೆ ತೋರಿಸಿದ್ರ ಯಾರದು ಅಂತಾರ. ಹೆಬ್ಬಟ್ಟಿಗೆ ಯಾರೂ ಏನೂ ಕೇಳೂದಿಲ್ರಿ."

ಸಾವಿರಾರು ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದ್ದೇನೆ. ನನ್ನ ಮನೆಯಲ್ಲೇ ಅಕ್ಷರ ಬಲ್ಲ ಒಬ್ಬ ಹೆಂಗಸನ್ನು ಹೆಬ್ಬೆಟ್ಟಿಗೆ ಇಳಿಸಿದ್ದೆ. ಬಸ್ಸಿನಲ್ಲಿ ಅವಳ ಪಕ್ಕದಲ್ಲಿ ಕೂತು ಬರುವಾಗ ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು. ಬೇರೆ ಮಾತು ಅದಕ್ಕಿಲ್ಲ.

ಮನೆಗೆ ಬಂದು ಟ್ರಂಕಿನಿಂದ ಕಾಗದ ತೆಗೆದು ಅವಳ ಕೈಗೆ ಕೊಟ್ಟೆ. ವರಾಂಡದ ಮಾತನ್ನೂ ಹೇಳಿದೆ. ಬೈಯುತ್ತಾಳೆ, ಹೊಡೆದರೂ ಹೊಡೆದಾಳು ಎಂದುಕೊಂಡಿದ್ದೆ; ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಲಕೋಟೆಯ ಮೇಲಿನ ತನ್ನ ಹೆಸರನ್ನೇ ಬಹಳ ಹೊತ್ತು ನೋಡಿದಳು.

"ಬಂದಿತ್ತೇನ್ ಹಂಗಾರ," ಎಂದಳು. ಅಷ್ಟೇ.

ಆ ರಾತ್ರಿ ಅವಳು ಉಣ್ಣಲಿಲ್ಲ. ಮರುದಿನ ನಾನು, ನಡಿ, ಈಗಲಾದರೂ ಪ್ರಮಾಣಪತ್ರ ಮಾಡಿಸೋಣ, ಪರೀಕ್ಷೆಗೆ ವಯಸ್ಸಿನ ಅಡ್ಡಿಯಿಲ್ಲ, ಖರ್ಚೆಲ್ಲ ನನ್ನದು ಎಂದೆ. ದಾನಶೂರಳ ಮಾತು! ಅವಳು ಸೊಂಟದ ಪಟ್ಟಿ ಬಿಗಿ ಮಾಡಿಕೊಳ್ಳುತ್ತಿದ್ದಳು.

"ಮೂರ ತಾಸ ಕುಂತು ಪರೀಕ್ಷಾ ಬರ್ಯಾಕ ಎಲ್ಲಿ ಆಕ್ಕೇತ್ರಿ? ಅದು ಆತು, ಹೋತು. ನನಗ ಓದ ಬ್ಯಾಡ. ನೀವು ಮಾಡಿದ್ದನ್ನ ಬರೀರಿ. ಬರದು ಸಂಘದಾಗ ಎಲ್ಲಾರ ಮುಂದ ನಿಂತ ಓದ್ರಿ. ನನ್ನ ಮಗಳ ಮುಂದೂ ಓದ್ರಿ. ಆಕೀನೂ ನನ್ನ ಕಳ್ಳಿ ಅಂತ ತಿಳದಾಳ."

ಇದು ನನಗೆ ಗೊತ್ತಿರಲಿಲ್ಲ. ಅವಳ ಮಗಳು ಶಿಲ್ಪಾಗೆ ಆಗ ಹತ್ತು ವರ್ಷ. ನನ್ನದೇ ತರಗತಿಯಲ್ಲಿ ಇದ್ದಳು. ಜಗಳವಾಡಿದ ಮಕ್ಕಳು ನಿಮ್ಮವ್ವ ಕಳ್ಳಿ ಎಂದು ಅಂದಿರುತ್ತಾರೆ, ಅವಳು ಕೇಳಿಸಿಕೊಂಡಿರುತ್ತಾಳೆ. ಈಗ ಇಪ್ಪತ್ತೊಂದರ ಹುಡುಗಿ. ಹನ್ನೊಂದು ವರ್ಷ ಅದನ್ನು ಒಳಗೇ ಇಟ್ಟುಕೊಂಡು ಬೆಳೆದಿದ್ದಾಳೆ.

ಅಂದಿನಿಂದ ಕಸ್ತೂರಿ ನನ್ನನ್ನು ಅಕ್ಕಾರ ಎನ್ನುವುದಿಲ್ಲ. ಏನೂ ಅನ್ನುವುದಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಇಡುತ್ತಾಳೆ, ಹೋಗುತ್ತಾಳೆ.

ಇಲ್ಲಿಯವರೆಗಿನದನ್ನು ಬರೆದು ಮೊನ್ನೆ ಅವಳಿಗೆ ಓದಲು ಕೊಟ್ಟೆ. ಕೂರಲಾಗದೆ ಗೋಡೆಗೆ ಆತುಕೊಂಡು ನಿಂತು ಓದಿದಳು. ಸಾಲಿನ ಕೆಳಗೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ, ನಿಧಾನ ಓದಿದಳು. ಒಂದು ತಾಸು ಹಿಡಿಯಿತು. ಹಾಳೆಗಳನ್ನು ಜೋಡಿಸಿ ನನ್ನ ಮುಂದೆ ಇಟ್ಟಳು.

"ಎಲ್ಲಾ ಖರೇ ಐತ್ರಿ. ಒಂದ ಸುಳ್ಳೈತಿ."

"ಯಾವುದು?"

"ಅತ್ತಿ ಸಲುವಾಗಿ ಅಂತ ಬರದೀರಿ. ಮುಂಜಾನಿ ಮೂರ ತಾಸ ಬಾಜೂಮನಿ ಮಲ್ಲವ್ವ ಕುಂದರ್ತೇನಿ ಅಂದಿದ್ಲು. ನಿಮ್ಮ ಮುಂದನ ಅಂದಿದ್ಲು. ಸತ್ತಾಕಿ ಮ್ಯಾಲ ಹಾಕಬ್ಯಾಡ್ರಿ. ಖರೇ ಕಾರಣ ಬರೀರಿ."

ಮಲ್ಲವ್ವ ಅಂದದ್ದು ನಿಜ. ನಾನು ಮರೆತಿರಲಿಲ್ಲ. ಅವ್ವನ ಮಾತು ಬರೆದ ಸಾಲುಗಳನ್ನು ಮೇಲೆ ಹಾಗೇ ಬಿಟ್ಟಿದ್ದೇನೆ, ತಪ್ಪೊಪ್ಪಿಕೊಳ್ಳುವಾಗಲೂ ನಾನು ಎಂಥವಳೆಂದು ಓದುವವರಿಗೆ ಗೊತ್ತಾಗಲಿ. ಖರೇ ಕಾರಣ ಇದು.

ಅರ್ಜಿ ಹಾಕುವ ಮುಂಚಿನ ಒಂದು ಭಾನುವಾರ. ಸಂಜೆ ಮನೆಯವರೆಲ್ಲ ಒಂದೇ ಖೋಲಿಯಲ್ಲಿದ್ದೆವು. ಬಾಗಿಲಲ್ಲಿ ಓಣಿಯ ಇಬ್ಬರು ಮೂವರು ಹೆಂಗಸರಿದ್ದರು. ಶಿಲ್ಪಾಗೆ ನಾನು ಲೆಕ್ಕ ಹೇಳಿಕೊಡುತ್ತಿದ್ದೆ. ಆರು ಆಳು ಒಂದು ಗೋಡೆಯನ್ನು ಹತ್ತು ದಿನಕ್ಕೆ ಕಟ್ಟಿದರೆ ಹದಿನೈದು ಆಳು ಎಷ್ಟು ದಿನಕ್ಕೆ ಕಟ್ಟುತ್ತಾರೆ? ನಾನು ಪಾಟಿಯ ಮೇಲೆ ಗುಣಿಸಿ ಭಾಗಿಸಿ ಇಪ್ಪತ್ತೈದು ದಿನ ಎಂದು ಬರೆದೆ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕಸ್ತೂರಿ ತಿರುಗಿ ನೋಡಿ ನಕ್ಕಳು. ಅಣಕಿಸಿದ ನಗುವಲ್ಲ, ಸುಮ್ಮನೆ ಬಂದ ನಗು.

"ಆಳ ಹೆಚ್ಚಾದ್ರ ದಿನಾ ಕಡಿಮಿ ಆಗಬೇಕಲ್ರೀ ಅಕ್ಕಾರ. ನಾಕ ದಿನ ಅದು."

ಯಮನಪ್ಪ ತೊಡೆ ತಟ್ಟಿಕೊಂಡು ನಕ್ಕ. ಅಕ್ಕಗ ಪಾಠ ಹೇಳಾಕತ್ತಾಳ ನೋಡ್ರಿ ಇಕಿ ಎಂದ. ಬಾಗಿಲಲ್ಲಿದ್ದವರೂ ನಕ್ಕರು. ಶಿಲ್ಪಾ ನನ್ನ ಕೈಯಿಂದ ಪಾಟಿ ತೆಗೆದುಕೊಂಡು ಎದ್ದುಹೋಗಿ ತಾಯಿಯ ಪಕ್ಕ ಕೂತಳು. ನಾನೂ ನಕ್ಕೆ. ಒಳಗೆ ಬೆಂಕಿ ಬಿದ್ದಿತ್ತು. ನನಗಿದ್ದದ್ದು ಅದೊಂದೇ — ಆ ಮನೆಯಲ್ಲಿ, ಆ ಓಣಿಯಲ್ಲಿ, ಅಕ್ಷರ ಬಲ್ಲವಳು ಎಂದರೆ ನಾನು. ಅದನ್ನು ಹಿಟ್ಟಿನ ಕೈಯಲ್ಲೇ ಅವಳು ತೆಗೆದುಕೊಂಡುಬಿಟ್ಟಳು ಎನಿಸಿತು.

ಸುನಂದಾಬಾಯಿ ಪೆನ್ನು ಹಿಡಿದು ನಿಂತಾಗ ನನ್ನ ಕಣ್ಣ ಮುಂದೆ ಅವ್ವ ಬಂದಿರಲಿಲ್ಲ. ಕಸ್ತೂರಿ ಫೇಲಾಗಿ ನಾಚಿಕೆಪಟ್ಟಾಳು ಎಂಬ ಮರುಕವೂ ಇರಲಿಲ್ಲ. ಅವಳು ಪಾಸಾಗುತ್ತಾಳೆ ಎಂದು ನನಗೆ ಗೊತ್ತಿತ್ತು. ಅದಕ್ಕೇ, 'ಅಲ್ಲ' ಎಂದೆ.